ಮಾಳವ್ವನ ತುಪ್ಪುಳುನಾಯಿಗಳು

ಬಲು ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಕುಳಿರುಗಿರಿ ಎಂಬ ರಾಜ್ಯವಿತ್ತು. ವರ್ಷದಲ್ಲಿ ಎಂಟು ತಿಂಗಳು ಅಲ್ಲಿ ಚಳಿ. ಎಂಥ ಚಳಿಯೆಂದರೆ, ಒಲೆಯಿಂದ ಇಳಿಸಿದ ಅಂಬಲಿ ಬಾಯಿಗೆ ಬರುವಷ್ಟರಲ್ಲಿ ಗಡ್ಡೆಕಟ್ಟುತ್ತಿತ್ತು. ಆ ನೆಲದಲ್ಲಿ ಕುರಿ ಬದುಕುತ್ತಿರಲಿಲ್ಲ, ಹತ್ತಿ ಬೆಳೆಯುತ್ತಿರಲಿಲ್ಲ. ಆದರೂ ಅಲ್ಲಿಯ ಜನ ಬೆಚ್ಚಗೆ ಬಾಳಿದರು. ಅವರಲ್ಲಿ ತುಪ್ಪುಳುನಾಯಿಗಳಿದ್ದವು.

ತುಪ್ಪುಳುನಾಯಿ ಎಂದರೆ ಬೀದಿಯಲ್ಲಿ ತಿರುಗುವ ನಾಯಿಯಲ್ಲ. ಮೊಣಕಾಲೆತ್ತರದ ಮೈ, ನರಿಯಂಥ ಚೂಪು ಮೂತಿ, ನೆಟ್ಟಗೆ ನಿಂತ ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ. ಮೈತುಂಬ ಹತ್ತು ಬೆರಳು ದಪ್ಪದ ಬಿಳಿ ಉಣ್ಣೆ. ಆ ಉಣ್ಣೆ ಎಷ್ಟು ದಟ್ಟವೆಂದರೆ, ಕತ್ತರಿಸಿದ ಮೇಲೆ ಒಂದು ತುದಿ ಹಿಡಿದು ಎತ್ತಿದರೆ ಇಡೀ ನಾಯಿಯ ಉಣ್ಣೆ ಒಂದೇ ಹಾಸಾಗಿ ಎದ್ದು ಬರುತ್ತಿತ್ತು. ಈ ನಾಯಿಗಳು ಬೊಗಳುತ್ತಿರಲಿಲ್ಲ. ಸಂತೋಷವಾದರೆ ಮೂಗಿನಲ್ಲೇ ಊಂ ಎಂದು ರಾಗ ಎಳೆಯುತ್ತಿದ್ದವು, ಅಷ್ಟೆ. ಕೆರೆಮೀನು, ನವಣೆ ಗಂಜಿ, ಇವೆರಡೇ ಅವುಗಳ ಊಟ. ಎಷ್ಟೇ ದಟ್ಟ ಮಂಜು ಕವಿದರೂ ಅವು ದಾರಿ ತಪ್ಪುತ್ತಿರಲಿಲ್ಲ.

ಒಂದೇ ಒಂದು ತೊಂದರೆಯಿತ್ತು. ಊರನಾಯಿಯ ಜೊತೆ ಒಮ್ಮೆ ಕೂಡಿದರೆ ಹುಟ್ಟುವ ಮರಿಯ ಮೈಮೇಲೆ ತೆಂಗಿನ ನಾರಿನಂಥ ಕೂದಲು ಬರುತ್ತಿತ್ತು. ಏಳು ತಲೆಮಾರು ಕಳೆದರೂ ಅದು ಸರಿಹೋಗುತ್ತಿರಲಿಲ್ಲ. ಆದ್ದರಿಂದ ಹಿಂದಿನವರು ಆ ನಾಯಿಗಳನ್ನೆಲ್ಲ ಹಿರಿಗೆರೆ ಎಂಬ ದೊಡ್ಡ ಕೆರೆಯ ನಡುಗಡ್ಡೆಯಲ್ಲಿ ಸಾಕಿದರು. ಉತ್ತರದ ಹಿಮದಿಂದ ಒಬ್ಬ ಮೂಲಜ್ಜಿ ಒಂದು ಗಂಡು ಒಂದು ಹೆಣ್ಣು ಮರಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳಂತೆ. ಅವಳ ಮನೆಯ ಹೆಣ್ಣುಮಕ್ಕಳೇ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ನಡುಗಡ್ಡೆಯ ಒಡತಿಯರಾದರು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು ಅವರ ಕೆಲಸ. ಕುಳಿರುಗಿರಿಯಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಮಲಗಿಸುತ್ತಿದ್ದುದು ತುಪ್ಪುಳುನಾಯಿಯ ಕಂಬಳಿಯ ಮೇಲೆ. ಅರಸನ ಕೂಸಾದರೂ ಅಷ್ಟೇ, ಅಂಬಿಗನ ಕೂಸಾದರೂ ಅಷ್ಟೇ.

ನಾನು ಹೇಳುವ ಕಾಲಕ್ಕೆ ನಡುಗಡ್ಡೆಯ ಒಡತಿ ಮಾಳವ್ವ. ನಲವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳ ವಾರಗಿತ್ತಿ ಸಂಕವ್ವ ದಡದ ಮೇಲಿನ ಮನೆಯಲ್ಲಿದ್ದು ನೂಲುವುದಕ್ಕೆ ನೆರವಾಗುತ್ತಿದ್ದಳು. ಮಾಳವ್ವನಿಗೆ ಮಾತು ಕಡಿಮೆ, ಸಿಟ್ಟು ಹೆಚ್ಚು. ನಾಯಿಗೆ ಹಳಸಿದ ಮೀನು ತಂದ ಬೆಸ್ತನನ್ನು ಅವಳು ಒಮ್ಮೆ ದೋಣಿ ಸಮೇತ ನೀರಿಗೆ ನೂಕಿದ್ದಳು. ಅದರ ಮರುದಿನದಿಂದ ಅವನು ತಾಜಾ ಮೀನನ್ನೇ ತಂದ.

ಹೀಗಿರುವಾಗ ಒಂದು ಚಳಿಗಾಲದ ಮೊದಲಲ್ಲಿ ಮಾರಂಡ ಎಂಬ ಮಾಂತ್ರಿಕ ಕುಳಿರುಗಿರಿಗೆ ಬಂದ. ಸೊಂಟದಲ್ಲಿ ನೂಲು ತೆಗೆಯುವ ಒಂದು ಕರಿಯ ಕದಿರು ಸಿಕ್ಕಿಸಿಕೊಂಡಿದ್ದ. ಅರಮನೆಯ ಅಂಗಳದಲ್ಲಿ ನಿಂತು ಬರೀ ಗಾಳಿಯಲ್ಲಿ ಕದಿರು ತಿರುಗಿಸಿದ. ಮಂಜೇ ನೂಲಾಗಿ ಬಂತು. ಆ ನೂಲಿನಿಂದ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಶಾಲು ನೇಯ್ದ. ಹೊದ್ದವರಿಗೆ ಚಳಿ ತಾಗಲಿಲ್ಲ.

"ಮನೆಮನೆಗೂ ಕೊಡುತ್ತೇನೆ, ಒಡೆಯರೇ. ನನಗೆ ಏನೂ ಬೇಡ," ಎಂದ ಮಾರಂಡ.

ಅರಸ ನನ್ನಿರಾಯ ಒಪ್ಪಿದ. ಜನ ಸಾಲುಗಟ್ಟಿ ಬಂದು ಮಂಜಿನ ಶಾಲು ಹೊದ್ದುಕೊಂಡು ಹೋದರು. ಹಳೆಯ ಕಂಬಳಿಗಳನ್ನು ಮಡಿಸಿ ಅಟ್ಟಕ್ಕೆ ಹಾಕಿದರು.

ಆ ಶಾಲು ಚಳಿ ತಡೆಯುವುದಷ್ಟನ್ನೇ ಮಾಡುತ್ತಿರಲಿಲ್ಲ. ಹೊದ್ದವರ ಸಿಟ್ಟನ್ನು ಹನಿ ಹನಿಯಾಗಿ ಹೀರಿ ಮಾರಂಡನ ಕದಿರಿಗೆ ಕಳಿಸುತ್ತಿತ್ತು. ಮಾರಂಡ ಆ ಸಿಟ್ಟನ್ನು ಕುಡಿದು ಕೆಂಪಗೆ ಕೊಬ್ಬಿದ. ಜನ ದಿನದಿಂದ ದಿನಕ್ಕೆ ಮೆತ್ತಗಾದರು. ಅರಮನೆಯ ಆಳುಗಳು ಬಂದು ಕಣಜದ ನವಣೆ ಹೊತ್ತುಕೊಂಡು ಹೋದರೆ, "ಆಗಲಿ ಬಿಡಿ," ಎಂದರು. ಕೆರೆಯ ಮೀನೆಲ್ಲ ಮಾಂತ್ರಿಕನ ಅಡುಗೆಮನೆಗೆ ಎಂದರೆ, "ಆಗಲಿ ಬಿಡಿ," ಎಂದರು. ಕುಂಬಾರ ಬೀದಿಯನ್ನು ಕೆಡವಿ ಮಾರಂಡನಿಗೆ ಕೋಟೆ ಕಟ್ಟಿದರು. ಮನೆ ಕಳೆದುಕೊಂಡ ಕುಂಬಾರರೇ ಕಲ್ಲು ಹೊತ್ತರು.

ಮಾಳವ್ವ ಶಾಲು ಮುಟ್ಟಲಿಲ್ಲ. ಅವಳ ಹೆಗಲ ಮೇಲೆ ಅವಳೇ ನೇಯ್ದ ಕಂಬಳಿಯಿತ್ತು. ಊರಿನಲ್ಲಿ ನಡೆಯುವುದನ್ನು ನೋಡಿ ನೋಡಿ ಅವಳಿಗೆ ಹಲ್ಲು ಕಡಿದು ದವಡೆ ನೋಯುತ್ತಿತ್ತು.

"ಅಕ್ಕ, ನಾಯಿಗಳಿಗೆ ಮೀನಿಲ್ಲ. ಬರೀ ಗಂಜಿ ಎಷ್ಟು ದಿನ ಹಾಕುವುದು? ನಿನಗೆ ಏನೂ ಅನ್ನಿಸುವುದಿಲ್ಲವೇ?" ಎಂದು ಕೇಳಿದಳು.

ಸಂಕವ್ವ ಶಾಲನ್ನು ಕತ್ತಿನವರೆಗೆ ಎಳೆದುಕೊಂಡು ನಕ್ಕಳು. "ಯಾಕೆ ಮಾಳಿ, ಯಾವಾಗಲೂ ಕುದಿಯುತ್ತೀಯ. ಶಾಲು ಹೊದ್ದುಕೋ, ಹಾಯಾಗಿರುತ್ತೆ."

ಇನ್ನೊಂದು ತಿಂಗಳಿಗೆ ಡಂಗುರ ಬಂತು. ಶಾಲು ಇರುವಾಗ ನಾಯಿಗಳು ಯಾಕೆ, ಅವನ್ನು ಅರಮನೆಯ ವಶಕ್ಕೆ ಕೊಡಬೇಕು ಎಂದು. ಮಾಳವ್ವ ಡಂಗುರದವನ ಕೈಯಿಂದ ಕೋಲು ಕಿತ್ತುಕೊಂಡು ಮುರಿದಳು. ಅವನು "ಆಗಲಿ ತಾಯಿ," ಎಂದು ಬರಿಗೈಯಲ್ಲಿ ಹೋದ. ಅವನ ಆ ಮೆತ್ತನೆಯ ಮುಖ ನೋಡಿ ಅವಳ ಸಿಟ್ಟು ಇಮ್ಮಡಿಯಾಯಿತು. ಮೊಸರಿ ಎಂಬ ಮುದಿ ಹೆಣ್ಣುನಾಯಿಯನ್ನು ಜೊತೆಗೆ ಕರೆದುಕೊಂಡು ನೇರ ಅರಮನೆಗೆ ನಡೆದಳು. ಮೊಸರಿಗೆ ಆಗಲೇ ಹದಿಮೂರು ವರ್ಷ. ಮರಿ ಹಾಕುವುದು ನಿಂತಿತ್ತು. ಮಾಳವ್ವನನ್ನು ಬಿಟ್ಟು ಅದು ಇರುತ್ತಿರಲಿಲ್ಲ.

ಅರ್ಧ ದಿನದ ದಾರಿ. ಆಸ್ಥಾನದಲ್ಲಿ ನನ್ನಿರಾಯ ಸಿಂಹಾಸನದ ಮೇಲೆ, ಮಾರಂಡ ಪಕ್ಕದಲ್ಲಿ.

"ಒಡೆಯರೇ, ನೀವು ಹುಟ್ಟಿದಾಗ ನಿಮ್ಮನ್ನು ಮಲಗಿಸಿದ್ದು ನನ್ನ ತಾಯಿ ನೇಯ್ದ ಕಂಬಳಿಯ ಮೇಲೆ," ಎಂದಳು ಮಾಳವ್ವ. "ಆ ನಾಯಿಗಳನ್ನು ನಾನು ಕೊಡುವುದಿಲ್ಲ."

ಅರಸ ಮಾರಂಡನ ಮುಖ ನೋಡಿದ. ಮಾರಂಡ ನಯವಾಗಿ ಹೇಳಿದ: "ಹೆಣ್ಣುಮಗಳು ಹೇಳುವುದರಲ್ಲಿ ನ್ಯಾಯವಿದೆ. ನಿನ್ನ ಉಣ್ಣೆ ನನ್ನ ಮಂಜಿಗಿಂತ ಮೇಲು ಎಂದು ತೋರಿಸು ತಾಯಿ. ಮೂರು ಪರೀಕ್ಷೆ, ಮೂರು ದಿನ. ಗೆದ್ದರೆ ನಾಯಿಗಳು ನಿನ್ನವು."

"ಅರಸರ ಮಾತೂ ಅದೇ ಏನು?" ಎಂದು ಕೇಳಿದಳು ಮಾಳವ್ವ.

"ನನ್ನ ಮಾತೂ ಅದೇ," ಎಂದ ನನ್ನಿರಾಯ.

"ಇದು ಉಣ್ಣೆ ಕತ್ತರಿಸುವ ವಾರ. ನಾಯಿಗಳ ಮೈ ಭಾರವಾಗಿದೆ. ಬೇಗ ಮುಗಿಸಿ," ಎಂದಳು ಮಾಳವ್ವ.

ಮೊದಲನೆಯ ದಿನ ಅವಳನ್ನು ಹಿಮಕರಡಿಯ ಗುಹೆಗೆ ಕಳಿಸಿದರು. ಆ ಕರಡಿ ಉಸಿರು ಬಿಟ್ಟರೆ ಹಾರುವ ಹಕ್ಕಿ ಕಲ್ಲಾಗಿ ಬೀಳುತ್ತಿತ್ತು. ಗುಹೆಯ ಬಾಯಲ್ಲಿ ಒಂದು ಹಣತೆ ಹಚ್ಚಿಟ್ಟರು. ಅದರ ಎಣ್ಣೆ ತೀರುವ ತನಕ ಒಳಗೆ ಕೂತಿರಬೇಕು. ಮಾಳವ್ವ ಮೊಸರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಕರಡಿ ಉಸಿರು ಬಿಟ್ಟಿತು. ಗೋಡೆ ಬಿರಿಯಿತು. ಅವಳ ರೆಪ್ಪೆಯ ಕೂದಲು ಬಿಳಿಯಾಯಿತು. ಆದರೆ ಕಂಬಳಿಯೊಳಗೆ ಇಬ್ಬರೂ ಬೆಚ್ಚಗಿದ್ದರು. ಹಣತೆ ಆರಿದ ಮೇಲೆ ಎದ್ದು ಹೊರಗೆ ಬಂದಳು.

"ಗೆದ್ದೆ. ಮನೆಗೆ ಹೋಗಬಹುದೇ? ಉಣ್ಣೆ ಕತ್ತರಿಸಬೇಕು," ಎಂದಳು.

"ಇನ್ನೂ ಎರಡು ಬಾಕಿ," ಎಂದ ಮಾರಂಡ.

ಎರಡನೆಯ ದಿನ ಸಾವಿರ ಕಂಬದ ಸಭೆಯ ತುಂಬ ಮಂಜು ತುಂಬಿದರು. ಒಂದು ಬಾಗಿಲಿಂದ ಹೊಕ್ಕು ಸಿಂಹಾಸನ ಮುಟ್ಟಬೇಕು. ಹಿಂದೆ ಇಂಥದೇ ಮಂಜು ತುಂಬಿದಾಗ ಒಳಗೆ ಹೋದ ಎಷ್ಟೋ ಮಂದಿ ಇನ್ನೂ ಕಂಬದಿಂದ ಕಂಬಕ್ಕೆ ತಡಕಾಡುತ್ತಿದ್ದರು. ಅವರ ಹೆಜ್ಜೆಯ ಸದ್ದು ಮಾಳವ್ವನಿಗೆ ಕೇಳಿಸಿತು. ಬೇಕೆಂದೇ ಮಂಜನ್ನು ಅರಮನೆಯ ಎಲ್ಲ ಸುತ್ತುಗಳಿಗೂ ಹಬ್ಬಿಸಿದ್ದರಿಂದ ಬೆಳಗ್ಗೆ ಹೊಕ್ಕವಳು ಹೊತ್ತು ಮುಳುಗುವ ತನಕ ನಡೆದಳು. ಮೊಸರಿ ಅವಳ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿ ಮುಂದೆ ಮುಂದೆ ಎಳೆಯಿತು. ಕೊನೆಗೆ ಸಿಂಹಾಸನದ ಬಳಿ ಬಂದು ಸೆರಗು ಬಿಟ್ಟು, ಮುಂಗಾಲೆತ್ತಿ ಅಲ್ಲಿ ಕೂತಿದ್ದ ಅರಸನ ಎದೆಗೆ ಮೂತಿ ಒತ್ತಿ ಊಂ ಎಂದು ರಾಗ ಎಳೆಯಿತು. ಗುರುತಿಲ್ಲದವರ ಹತ್ತಿರ ಹೋಗದ ನಾಯಿ ಹೀಗೇಕೆ ಮಾಡಿತೆಂದು ಮಾಳವ್ವನಿಗೆ ಬೆರಗಾಯಿತು. ಅರಸ ನಾಯಿಯನ್ನು ಅತ್ತ ತಳ್ಳಿದ.

"ಗೆದ್ದೆ. ಮನೆಗೆ ಹೋಗಬಹುದೇ? ಉಣ್ಣೆ ಕತ್ತರಿಸಬೇಕು," ಎಂದಳು. ಮಾರಂಡ ಆಗ ಅಲ್ಲಿರಲಿಲ್ಲ.

"ಇನ್ನೂ ಒಂದು ಬಾಕಿ," ಎಂದ ಅರಸ. ಅವಳ ಕಣ್ಣು ನೋಡದೆ ಹೇಳಿದ.

ಮೂರನೆಯ ದಿನ ಅಂಗಳದ ನಡುವೆ ಅವಳನ್ನು ನಿಲ್ಲಿಸಿ ಮಂಜಿನ ಹುಲಿಯನ್ನು ಬಿಟ್ಟರು. ಮನೆಯಷ್ಟು ಎತ್ತರದ ಹುಲಿ. ಅದರ ಮೈಯ ಆಚೆಗೆ ಗೋಡೆ ಕಾಣುತ್ತಿತ್ತು. ಹಲ್ಲು ಮಾತ್ರ ನಿಜವಾದ ಹಲ್ಲು. ಅದಕ್ಕೆ ಆಯುಧ ತಾಗದೆಂದು ತೋರಿಸಲು ಮಾರಂಡನ ಅಪ್ಪಣೆಯಂತೆ ಸೈನಿಕನೊಬ್ಬ ಎಸೆದ ಈಟಿ ಅದರ ಮೈಯನ್ನು ತೂರಿ ಆಚೆ ಬಿತ್ತು. ಹುಲಿ ಹಾರಿದಾಗ ಮಾಳವ್ವ ಹಿಂದೆ ಸರಿಯಲಿಲ್ಲ. ಮೂರು ದಿನದ ಸಿಟ್ಟೆಲ್ಲ ಅವಳ ತೋಳಿಗೆ ಬಂದಿತ್ತು. ಹೆಗಲ ಕಂಬಳಿಯನ್ನು ಬಲೆ ಬೀಸುವ ಹಾಗೆ ಬೀಸಿದಳು. ಉಣ್ಣೆ ತಾಗಿದ್ದೇ ಹುಲಿ ಸೊರ್ರೆಂದು ಇಳಿಯಿತು. ಕಂಬಳಿ ಎತ್ತಿದರೆ ಅಡಿಯಲ್ಲಿ ಒಂದು ಒದ್ದೆ ಬೆಕ್ಕು. ಅದು ಮೈ ಕೊಡವಿಕೊಂಡು ಓಡಿಹೋಯಿತು.

ಮಾರಂಡನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ನಕ್ಕ. "ಗೆದ್ದೆ ತಾಯಿ. ಹೋಗು."

"ನಾಯಿಗಳು ನಿನ್ನವೇ, ಮಾಳವ್ವ," ಎಂದ ನನ್ನಿರಾಯ. "ಅರಸನ ಮಾತು."

ಮಾಳವ್ವ ಉಂಡೂ ಇಲ್ಲ, ಕುಡಿದೂ ಇಲ್ಲ. ಇಳಿಹೊತ್ತಿನೊಳಗೆ ಹಿರಿಗೆರೆಯ ದಡಕ್ಕೆ ಬಂದಳು. ದೋಣಿಗಳೆಲ್ಲ ದಡದಲ್ಲಿ ಮಗುಚಿ ಬಿದ್ದಿದ್ದವು. ಬೇರೆ ದಿನವಾದರೆ ಅವಳ ವಾಸನೆ ಹಿಡಿದು ನಡುಗಡ್ಡೆಯಿಂದ ಮುನ್ನೂರು ಮೂತಿಗಳ ರಾಗ ತೇಲಿ ಬರುತ್ತಿತ್ತು. ಇಂದು ಗಾಳಿಯ ಸದ್ದು ಮಾತ್ರ. ಮೊಸರಿ ನೀರಿನ ಅಂಚಿಗೆ ಹೋಗಿ ನಿಂತು ಕಿವಿ ನಿಮಿರಿಸಿತು.

ಸಂಕವ್ವ ಜಗಲಿಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದಳು.

"ಅಕ್ಕ, ನಾಯಿಗಳೆಲ್ಲಿ?"

"ಕೊಟ್ಟುಬಿಟ್ಟೆವು ಮಾಳಿ."

"ಯಾರಿಗೆ?"

"ಮಾಂತ್ರಿಕರು ನಿನ್ನೆ ಬಂದಿದ್ದರು. ಅರಸರ ಮುದ್ರೆಯ ಓಲೆ ಇತ್ತು. ಕೇಳಿದರು, ಕೊಟ್ಟೆವು." ಸಂಕವ್ವ ಒಂದು ಕಾಳನ್ನು ಮೊರಕ್ಕೆ ಹಾಕಿದಳು. "ಅವರು ಕೆರೆಯ ಮೇಲೆ ಊದಿದರು. ನೀರೆಲ್ಲ ಗಟ್ಟಿ ಮಂಜುಗಡ್ಡೆಯಾಯಿತು. ಊರವರೆಲ್ಲ ದಡದಲ್ಲಿ ನಿಂತು ನಾಯಿಗಳನ್ನು ಹೆಸರು ಹಿಡಿದು ಕರೆದೆವು. ಪಾಪ, ಬಂದವು. ನಡುವೆ ಬಂದಾಗ ಅವರು ಚಪ್ಪಾಳೆ ತಟ್ಟಿದರು. ಮಂಜುಗಡ್ಡೆ ಕರಗಿತು."

"ಆಮೇಲೆ?"

"ಉಣ್ಣೆ ಭಾರವಲ್ಲವೇ. ನೀರು ಹೀರಿ ಮುಳುಗಿದವು. ಬೇಗ ಆಯಿತು ಬಿಡು. ಊಟ ಮಾಡಿದೆಯಾ?"

ಮಾಳವ್ವ ಜಗಲಿಯ ಕಂಬ ಹಿಡಿದುಕೊಂಡಳು. ಉಣ್ಣೆ ಕತ್ತರಿಸಿದ್ದರೆ ನಾಯಿಗಳು ಈಜಿ ದಡ ಸೇರುತ್ತಿದ್ದವು. ಕತ್ತರಿಸಬೇಕಾಗಿದ್ದ ಮೂರು ದಿನ ಅವಳು ಅರಮನೆಯಲ್ಲಿ ಕರಡಿಯ ಮುಂದೆ, ಹುಲಿಯ ಮುಂದೆ ಗೆಲ್ಲುತ್ತಿದ್ದಳು. ಪರೀಕ್ಷೆಗಳು ಪರೀಕ್ಷೆಗಳೇ ಆಗಿರಲಿಲ್ಲ. ಅವಳ ಕೈಯಲ್ಲಿ ಕತ್ತರಿ ಇರದಂತೆ ಮಾಡುವುದಕ್ಕೆ ಹೂಡಿದ ಆಟ. ಇಂದು ಬೆಳಗ್ಗೆ, ನಾಯಿಗಳು ಕೆರೆಯ ತಳದಲ್ಲಿರುವಾಗ, "ನಾಯಿಗಳು ನಿನ್ನವೇ" ಎಂದು ಅರಸ ಹೇಳಿದ್ದ.

ಅವಳು ಅಳಲಿಲ್ಲ. ಅಳು ಬಂದರೆ ಸಿಟ್ಟು ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಳಿಯುವುದು ಅವಳಿಗೆ ಬೇಕಿರಲಿಲ್ಲ.

ಹೆಗಲ ಕಂಬಳಿಯನ್ನು ತೆಗೆದು ಸಂಕವ್ವನ ತಲೆಯ ಮೇಲೆ ಹಾಕಿ ಗಟ್ಟಿಯಾಗಿ ಸುತ್ತಿದಳು. ಸಂಕವ್ವನ ಶಾಲು ಕರಗಿ ಜಗಲಿಯ ಮೇಲೆ ನೀರಾಗಿ ಹರಿಯಿತು. ಆಮೇಲೆ ಕಂಬಳಿಯೊಳಗಿಂದ ಬಂದ ಕೂಗಿಗೆ ಸೂರಿನ ಗುಬ್ಬಿಗಳು ಹಾರಿಹೋದವು.

"ನಾನೇ ಕರೆದೆ, ಮಾಳಿ. ತುಂಬೆ ನಾಯಿ ನನ್ನ ದನಿ ಕೇಳಿ ಎಲ್ಲಕ್ಕಿಂತ ಮುಂದೆ ಓಡಿಬಂತು. ನಾನೇ ಕರೆದೆ. ನನ್ನನ್ನು ಹೊಡಿ."

"ನಿನ್ನನ್ನು ಹೊಡೆಯುವುದಕ್ಕೆ ನನಗೆ ಪುರುಸೊತ್ತಿಲ್ಲ," ಎಂದಳು ಮಾಳವ್ವ. "ಆಮೇಲೆ ನೋಡೋಣ."

ಕರಗಿದ ಶಾಲಿನಲ್ಲಿ ಒಂದೇ ಒಂದು ಎಳೆ ಉಳಿದಿತ್ತು. ಕೂದಲಿಗಿಂತ ತೆಳು. ಅದು ಜಗಲಿಯಿಂದ ಇಳಿದು ಹಾದಿಗುಂಟ ಅರಮನೆಯ ಕಡೆಗೆ ಹೋಗಿತ್ತು. ಮಾಳವ್ವ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದಳು. ಪಕ್ಕದ ಮನೆಯಿಂದಲೂ ಅಂಥ ಒಂದು ಎಳೆ, ಅದರಾಚೆಯ ಮನೆಯಿಂದಲೂ ಒಂದು. ಊರಿಗೆ ಊರೇ ಒಂದು ಕದಿರಿಗೆ ಕಟ್ಟಿಸಿಕೊಂಡಿತ್ತು.

ಮರುದಿನ ಬೆಳಕು ಹರಿದಾಗ ಅವಳು ಕಂಬಳಿ ಹೊದ್ದು, ಮೊಸರಿಯನ್ನು ಕರೆದುಕೊಂಡು ಎಳೆಗಳ ಗುಂಟ ನಡೆದಳು. ಸಂಕವ್ವ ತಾನೂ ಬರುತ್ತೇನೆಂದು ಹಿಂದೆ ಬಂದಳು. ಮಾಳವ್ವ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಅರಮನೆಯ ಮೊದಲ ಬಾಗಿಲಲ್ಲಿ ಕಾವಲುಗಾರರು ಈಟಿ ಅಡ್ಡ ಹಿಡಿದರು. "ಹೋಗಬಾರದು ತಾಯಿ," ಎಂದರು ಮೆತ್ತಗೆ. ಮಾಳವ್ವ ಈಟಿಯನ್ನು ಪಕ್ಕಕ್ಕೆ ಸರಿಸಿ ನಡೆದಳು. "ಆಗಲಿ," ಎಂದರು. ಎರಡನೆಯ ಬಾಗಿಲಲ್ಲಿ, "ಹೋಗಬಾರದು ತಾಯಿ." ಮಾಳವ್ವ ನಡೆದಳು. "ಆಗಲಿ." ಮೂರನೆಯ ಬಾಗಿಲಲ್ಲೂ ಹಾಗೆಯೇ. ಮಾರಂಡ ತನ್ನ ಕಾವಲುಗಾರರ ಸಿಟ್ಟನ್ನೂ ಬಿಡದೆ ಕುಡಿದಿದ್ದ. ಸಿಟ್ಟಿಲ್ಲದ ಕಾವಲುಗಾರ ಯಾರನ್ನು ತಡೆದಾನು?

ಮಾರಂಡ ಆಸ್ಥಾನದಲ್ಲಿ ಕೂತು ಕದಿರು ತಿರುಗಿಸುತ್ತಿದ್ದ. ರಾಜ್ಯದ ಎಳೆಗಳೆಲ್ಲ ನೆಲದ ಮೇಲಿಂದ ಹರಿದು ಬಂದು ಅದಕ್ಕೆ ಸುತ್ತಿಕೊಳ್ಳುತ್ತಿದ್ದವು. ನನ್ನಿರಾಯ ಸಿಂಹಾಸನದ ಮೇಲಿದ್ದ.

"ಮತ್ತೆ ಯಾಕೆ ಬಂದೆ ತಾಯಿ?" ಎಂದ ಮಾರಂಡ.

"ನಾಲ್ಕನೆಯ ಪರೀಕ್ಷೆಗೆ," ಎಂದಳು ಮಾಳವ್ವ.

ಅವನು ಎದ್ದು ಊದಿದ. ಹಿಮಗಾಳಿ ಬಂದು ಅವಳ ಕಂಬಳಿಗೆ ಬಡಿದು, ತಾನೇ ಎರಡಾಗಿ ಸೀಳಿಕೊಂಡು ಆಚೀಚೆಯ ಕಂಬಗಳನ್ನು ಒಡೆಯಿತು. ಅವಳು ಮುಂದೆ ಬಂದಳು. ಅವನು ಕೈ ಬೀಸಿದ. ಮಂಜಿನ ಹಾವು, ಮಂಜಿನ ತೋಳ, ಮಂಜಿನ ಗೂಳಿ ಹಾರಿ ಬಂದವು. ಉಣ್ಣೆ ತಾಗಿ ನೀರಾಗಿ ಚೆಲ್ಲಿದವು. ಅವಳು ಮುಂದೆ ಬಂದಳು. ಆಗ ಮಾರಂಡನಿಗೆ ಹೆದರಿಕೆ ಹುಟ್ಟಿತು. ಸಭೆಯ ತುಂಬ ಮಂಜು ಎಬ್ಬಿಸಿ, ತಾನೂ ಮಂಜಾಗಿ ಅದರೊಳಗೆ ಕಲೆತುಹೋದ. ಮಾಳವ್ವನಿಗೆ ತನ್ನ ಕೈಯೇ ತನಗೆ ಕಾಣದಾಯಿತು.

ಆದರೆ ತುಪ್ಪುಳುನಾಯಿಗೆ ಮಂಜು ಹೊಸದಲ್ಲ. ಮೊಸರಿ ಮೂಗು ನೆಲಕ್ಕಿಟ್ಟು ಓಡಿತು. ಮುದಿ ನಾಯಿ, ಹಲ್ಲು ಅರ್ಧ ಉದುರಿದ್ದವು. ಇದ್ದ ಹಲ್ಲುಗಳಲ್ಲೇ ಕದಿರನ್ನು ಕಚ್ಚಿ ಹಿಡಿಯಿತು. ಮಾಂತ್ರಿಕ ಒದ್ದ, ಬಿಡಲಿಲ್ಲ. ಹಿಸುಕಿದ, ಬಿಡಲಿಲ್ಲ. ಹುಟ್ಟಿದಂದಿನಿಂದ ಬೊಗಳದಿದ್ದ ನಾಯಿಯ ಗಂಟಲಿಂದ ಗುರ್ರೆಂಬ ಸದ್ದು ಹೊರಟಿತು. ಆ ಸದ್ದಿನ ಕಡೆಗೆ ಮಾಳವ್ವ ಕಂಬಳಿ ಬೀಸಿ ಎಸೆದಳು. ಎಸೆದು ಅದರ ಮೇಲೆ ಮೈಚೆಲ್ಲಿ ಬಿದ್ದಳು.

ಕಂಬಳಿಯ ಅಡಿಯಲ್ಲಿ ಏನೋ ಒದ್ದಾಡಿತು, ಕುಗ್ಗಿತು, ನಿಂತಿತು. ಮೂಲೆ ಎತ್ತಿ ನೋಡಿದರೆ ಎರಡಾಗಿ ಮುರಿದ ಕದಿರು, ಒಂದು ಬೊಗಸೆ ಕೊಳೆ ನೀರು. ಮೊಸರಿ ಕಂಬಳಿಯಿಂದ ಹೊರಗೆ ಬಂದು ಬಾಯೊಳಗಿನ ಚೂರನ್ನು ಉಗುಳಿತು.

ಅದೇ ಗಳಿಗೆಗೆ ಕುಳಿರುಗಿರಿಯ ಮನೆಮನೆಯಲ್ಲೂ ಮಂಜಿನ ಶಾಲುಗಳು ಕರಗಿ ನೀರಾಗಿ ಇಳಿದವು. ಐದು ತಿಂಗಳು ಕಳೆದುಕೊಂಡಿದ್ದ ಸಿಟ್ಟು ಎಲ್ಲರಿಗೂ ಒಟ್ಟಿಗೆ ಮರಳಿತು. ಮೊದಲು ಗುಡುಗಿನಂಥ ಸದ್ದು ಕೇಳಿಸಿತು. ಆಮೇಲೆ ಅದು ಜನರ ದನಿ ಎಂದು ತಿಳಿಯಿತು. ಕುಂಬಾರರು ತಾವೇ ಕಟ್ಟಿದ ಕೋಟೆಯ ಕಲ್ಲುಗಳನ್ನು ಕಿತ್ತು ಉರುಳಿಸುತ್ತಿದ್ದರು. ಬೆಸ್ತರು ಹುಟ್ಟುಗೋಲು ಹಿಡಿದು, ಒಕ್ಕಲಿಗರು ಕುಡುಗೋಲು ಹಿಡಿದು ಅರಮನೆಯ ಕಡೆಗೆ ಬರುತ್ತಿದ್ದರು.

ನನ್ನಿರಾಯ ಸಿಂಹಾಸನದಿಂದ ಇಳಿದು ಬಂದ. "ಮಾಳವ್ವ, ನನ್ನನ್ನೂ ಕಾಪಾಡಿದೆ. ನನಗೂ ಮಂಕು ಕವಿದಿತ್ತು. ಏನು ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ."

ಮಾಳವ್ವ ಅವನನ್ನು ನೋಡಿದಳು. ಎಲ್ಲರ ಮೈಯಿಂದ ನೀರಿಳಿದು ನೆಲ ಒದ್ದೆಯಾಗಿತ್ತು. ಅರಸನ ಕಾಲ ಬಳಿ ಮಾತ್ರ ಒಣಗಿತ್ತು. ಮೊಸರಿ ಮತ್ತೆ ಅವನ ಬಳಿಗೆ ಹೋಗಿ ಎದೆಯ ಕಡೆಗೆ ಮೂತಿ ಚಾಚಿತು. ಮಾಳವ್ವ ಕೈ ಹಾಕಿ ಅರಸನ ಜರತಾರಿ ಅಂಗಿಯ ಕೊರಳಪಟ್ಟಿಯನ್ನು ಹರಿದಳು. ಒಳಗೆ ಬಿಳಿಯ ಉಣ್ಣೆಯ ಒಳಂಗಿ. ಮೀನಿನ ಮುಳ್ಳಿನ ಹಾಗೆ ನೇಯ್ಗೆ. ಆ ನೇಯ್ಗೆ ಅವಳ ತಾಯಿಗೆ ಮಾತ್ರ ಬರುತ್ತಿತ್ತು.

"ನಿಮಗೆ ಯಾವ ಮಂಕೂ ಕವಿದಿರಲಿಲ್ಲ," ಎಂದಳು. "ಒಂದು ದಿನವೂ ಅವನ ಶಾಲು ಹೊದ್ದಿಲ್ಲ ನೀವು. ಎಲ್ಲ ಗೊತ್ತಿದ್ದೇ ಮಾಡಿದಿರಿ."

ಅರಸ ಹರಿದ ಕೊರಳಪಟ್ಟಿಯನ್ನು ಕೈಯಿಂದ ಮುಚ್ಚಿಕೊಂಡ.

"ಯಾಕೆ?"

"ಸದ್ದಿರಲಿಲ್ಲ," ಎಂದ ನನ್ನಿರಾಯ. "ಪಟ್ಟಕ್ಕೆ ಬಂದಂದಿನಿಂದ ದಿನಾ ಯಾರಾದರೊಬ್ಬರು ಬಾಗಿಲಲ್ಲಿ ನಿಂತು ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಕೂಗುತ್ತಿದ್ದರು. ಅವನು ಬಂದ ಮೇಲೆ ಯಾರೂ ಕೂಗಲಿಲ್ಲ. ಅದು ಹಿತವಾಗಿತ್ತು. ನಾಯಿಗಳಿದ್ದರೆ ಉಣ್ಣೆ ಇರುತ್ತದೆ, ಉಣ್ಣೆಯಿದ್ದರೆ ಜನ ಮತ್ತೆ ಎಚ್ಚರಾಗುತ್ತಾರೆ ಎಂದ. ನಾನು ಮುದ್ರೆ ಒತ್ತಿದೆ."

ಅಷ್ಟರಲ್ಲಿ ಜನ ಆಸ್ಥಾನದೊಳಗೆ ನುಗ್ಗಿದ್ದರು. ಅರಸನ ಮಾತು ಅವರಿಗೂ ಕೇಳಿಸಿತ್ತು. ಕುಡುಗೋಲುಗಳು ಮೇಲೆದ್ದವು. ಬೆಸ್ತರ ಮುಖ್ಯಸ್ಥ ಹರಿಗೋಲಯ್ಯ ಮುಂದೆ ಬಂದು ಅರಸನ ತೋಳು ಹಿಡಿದ. "ಕೆರೆಗೇ ಹಾಕೋಣ ಇವನನ್ನು. ಅವು ಹೋದ ಹಾಗೆಯೇ ಹೋಗಲಿ."

"ಬೇಡ," ಎಂದಳು ಮಾಳವ್ವ.

"ನಿನಗೆ ಕನಿಕರ ಬಂತೇ ಮಾಳವ್ವ? ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ನೀನು."

"ಕನಿಕರವಲ್ಲ. ಸತ್ತರೆ ಇವನಿಗೆ ಮತ್ತೆ ಆ ಸದ್ದಿಲ್ಲದ ಹಿತವೇ ಸಿಗುತ್ತದೆ. ಅದನ್ನು ನಾನು ಕೊಡುವುದಿಲ್ಲ." ಅವಳು ಜನರ ಕಡೆಗೆ ತಿರುಗಿದಳು. "ನೀವು ನನ್ನ ಕಡೆ ಹಾಗೆ ನೋಡಬೇಡಿ. ಶಾಲು ಹೊದೆಯಿರಿ ಎಂದು ಯಾರೂ ನಿಮ್ಮ ಕುತ್ತಿಗೆ ಹಿಡಿಯಲಿಲ್ಲ. ನಿಮ್ಮ ಮೇಲಿನ ಸಿಟ್ಟೂ ನನಗೆ ಇಳಿದಿಲ್ಲ. ನನ್ನ ನಾಯಿಗಳನ್ನು ಕರೆದ ದನಿಗಳು ನಿಮ್ಮವು."

ಸಂಕವ್ವ ಕಂಬದ ಮರೆಯಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಲೆತ್ತಿದ ಕುಡುಗೋಲುಗಳು ಒಂದೊಂದಾಗಿ ಕೆಳಗಿಳಿದವು.

ನನ್ನಿರಾಯನನ್ನು ಪಟ್ಟದಿಂದ ಇಳಿಸಿದರು. ಅಂದಿನಿಂದ ಕುಳಿರುಗಿರಿಗೆ ಅರಸನಿಲ್ಲ. ಊರೂರಿಗೆ ಒಬ್ಬರಂತೆ ಹಿರಿಯರು ಅರಮನೆಯ ಅಂಗಳದಲ್ಲಿ ಕೂತು ಮಾತಾಡಿ ರಾಜ್ಯ ನಡೆಸಿದರು. ಆ ಅಂಗಳದ ಗದ್ದಲ ಎರಡು ಹರದಾರಿ ದೂರಕ್ಕೆ ಕೇಳಿಸುತ್ತಿತ್ತು. ಮಾಂತ್ರಿಕನ ಕೋಟೆಯ ಕಲ್ಲಿನಿಂದ ಕುಂಬಾರರು ಮೊದಲಿಗಿಂತ ದೊಡ್ಡ ಮನೆ ಕಟ್ಟಿಕೊಂಡರು. ಕೆರೆಯ ಮೀನು ಬೆಸ್ತರಿಗೆ ಮರಳಿತು. ಸಾವಿರ ಕಂಬದ ಸಭೆಯಲ್ಲಿ ತಡಕಾಡುತ್ತಿದ್ದವರೆಲ್ಲ ಹೊರಗೆ ಬಂದು ತಮ್ಮ ತಮ್ಮ ಮನೆ ಸೇರಿದರು. ಅಟ್ಟದಲ್ಲಿದ್ದ ಹಳೆಯ ಕಂಬಳಿಗಳು ಕೆಳಗಿಳಿದವು. ಹರಿದಲ್ಲಿ ತೇಪೆ ಹಾಕಿ, ಮಕ್ಕಳು ಮೊಮ್ಮಕ್ಕಳ ತನಕ ಅವನ್ನೇ ಹೊದ್ದರು. ಜನ ಹಾಡಿದರು, ಜಗಳವಾಡಿದರು, ಮದುವೆ ಮಾಡಿದರು. ಎಲ್ಲರೂ ಚೆನ್ನಾಗಿ ಬಾಳಿದರು ಎಂದರೆ ಸುಳ್ಳಾಗದು.

ಆದರೆ ತುಪ್ಪುಳುನಾಯಿಗಳು ಮರಳಿ ಬರಲಿಲ್ಲ. ಮಾಂತ್ರಿಕ ಸತ್ತರೆ ಮಾಯೆ ಅಳಿಯುತ್ತದೆ, ನೀರಲ್ಲಿ ಮುಳುಗಿ ಸತ್ತದ್ದು ಏಳುವುದಿಲ್ಲ. ಮೊಸರಿ ಇನ್ನೊಂದು ಚಳಿಗಾಲ ಬದುಕಿತು. ಮಾಳವ್ವನ ತೊಡೆಯ ಮೇಲೆ ತಲೆಯಿಟ್ಟು ಒಂದು ಬೆಳಗ್ಗೆ ಹೋಯಿತು. ಅದರೊಡನೆ ಆ ತಳಿ ಮುಗಿಯಿತು. ಅಂಥ ನಾಯಿ ಆಮೇಲೆ ಭೂಮಿಯ ಮೇಲೆ ಎಲ್ಲೂ ಹುಟ್ಟಲಿಲ್ಲ.

ನನ್ನಿರಾಯನಿಗೆ ನಡುಗಡ್ಡೆಯಲ್ಲೇ ಒಂದು ಗುಡಿಸಲು ಕೊಟ್ಟರು. ದಿನಾ ಒಂದೇ ಕೆಲಸ. ಬೆಳಗ್ಗೆ ಎದ್ದು ನೀರಿನ ಅಂಚಿಗೆ ಬಂದು ನಿಲ್ಲಬೇಕು, ಮುಳುಗಿದ ಮುನ್ನೂರ ಹನ್ನೊಂದು ನಾಯಿಗಳ ಹೆಸರನ್ನು ಒಂದೂ ಬಿಡದೆ, ಊರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕು. ಹೆಸರುಗಳನ್ನು ಮಾಳವ್ವನೇ ಕಲಿಸಿದಳು. ಯಾವ ನಾಯಿಗೆ ಎಡಗಿವಿ ಬಾಗಿತ್ತು, ಯಾವುದು ಗಂಜಿಯಲ್ಲಿ ಮೂತಿ ಅದ್ದಿ ಗುಳ್ಳೆ ಎಬ್ಬಿಸುತ್ತಿತ್ತು, ಯಾವುದರ ಉಣ್ಣೆ ಯಾರ ಮನೆಯ ತೊಟ್ಟಿಲು ಸೇರಿತು ಎಂದು ಒಂದೊಂದನ್ನೂ ಹೇಳಿ ಕಲಿಸಿದಳು. ಅವನು ಹೇಳುವಾಗ ಅವಳು ಬಂಡೆಯ ಮೇಲೆ ಕೂತಿರುತ್ತಿದ್ದಳು. ಕೆಲವು ದಿನ ಸಂಕವ್ವನೂ ದೋಣಿಯಲ್ಲಿ ಬಂದು ಸ್ವಲ್ಪ ದೂರದಲ್ಲಿ ಕೂರುತ್ತಿದ್ದಳು. ಮಾಳವ್ವ ಅವಳಿಗೆ ಜಾಗ ಬಿಡುತ್ತಿದ್ದಳು. ಮಾತು ಮಾತ್ರ ಇನ್ನೂ ಆಡುತ್ತಿರಲಿಲ್ಲ.

"ತುಂಬೆ, ನೊರೆ, ಕೊಕ್ಕರೆ, ಅರಳು, ಬೆಣ್ಣೆ, ಸುಣ್ಣ, ಕೊಬ್ಬರಿ," ಎಂದು ಅರಸನಾಗಿದ್ದವನು ನೀರಿನ ಕಡೆಗೆ ಕೂಗುತ್ತಿದ್ದ. ನೂರು ದಾಟುತ್ತಿದ್ದ. ಇನ್ನೂರು ದಾಟುತ್ತಿದ್ದ. ಚಳಿಗೆ ಅವನ ಬಾಯಿ ಮರಗಟ್ಟುತ್ತಿತ್ತು. ಇನ್ನೂರ ಎಂಬತ್ತರ ಹತ್ತಿರ ಒಂದು ಹೆಸರು ನೆನಪಾಗದೆ ನಿಂತುಬಿಡುತ್ತಿದ್ದ, ತಿರುಗಿ ನೋಡುತ್ತಿದ್ದ.

"ಮೊದಲಿಂದ," ಎನ್ನುತ್ತಿದ್ದಳು ಮಾಳವ್ವ.